ಹಳೆಯ ಪಿಸಿಗಳ ಪ್ರೊಸೆಸರ್ ಚಿಪ್ ಇಂಟೆಲ್ 8088: ಮೊದಲ ಸರಣಿಯದ್ದೋ, ದೋಷ ತಿದ್ದಿದ್ದೋ ಅಂತ ಗುರುತಿಸೋದು ಹೇಗೆ?

ಮೊದಲು ಚಿಪ್‌ನ ಮೇಲಿನ ಕಾಪಿರೈಟ್ ಇಸವಿ ನೋಡಿ. ಬರೀ '78 ಅಂತಿದ್ದರೆ ಹಳೆಯದು, '78 '81 ಅಂತಿದ್ದರೆ ತಿದ್ದಿದ್ದು. ಇದು ಚಿಪ್ ತಯಾರಾದ ವರ್ಷ ಅಲ್ಲ, ಗೊಂದಲ ಬೇಡ.

ವ್ಯತ್ಯಾಸ ಏನಪ್ಪಾ ಅಂದ್ರೆ, ಸ್ಟ್ಯಾಕ್ (ಪ್ರೋಗ್ರಾಂ ತಾತ್ಕಾಲಿಕವಾಗಿ ಡೇಟಾ ಇಡೋ ಮೆಮೊರಿ ಜಾಗ) ಬದಲಿಸಲು ಅದರ ವಿಳಾಸ ಹಿಡಿದಿಡೋ ಎಸ್ಎಸ್, ಎಸ್‌ಪಿ ಎಂಬ ಎರಡು ರಿಜಿಸ್ಟರ್‌ಗಳನ್ನೂ ಒಂದಾದ ಮೇಲೊಂದು ಬದಲಿಸಬೇಕು, ಹಳೆಯ ಚಿಪ್‌ನಲ್ಲಿ ಆ ನಡುವೆಯೇ ಇಂಟರಪ್ಟ್ (ಓಡುತ್ತಿರೋ ಕೆಲಸವನ್ನು ನಡುವೆ ತಡೆಯೋ ಸಂಕೇತ) ನುಗ್ಗಿಬಿಟ್ಟರೆ ಡೇಟಾ ಎಲ್ಲೋ ತಪ್ಪು ಜಾಗಕ್ಕೆ ಹೋಗಿ ಬೀಳುತ್ತದೆ. ಹೊಸದರಲ್ಲಿ ಎಸ್ಎಸ್ ಬದಲಾದ ಮೇಲೆ ಮುಂದಿನ ಒಂದು ಆದೇಶ ಮುಗಿಯುವ ತನಕ ಇಂಟರಪ್ಟ್‌ಗೆ ತಡೆ.

ಅಕ್ಷರ ಅಳಿಸಿ ಹೋಗಿದ್ಯಾ? ಡಾಸ್‌ನ ಡೀಬಗ್ ಅನ್ನೋ ಪ್ರೋಗ್ರಾಂನಲ್ಲಿ ಎಸ್ಎಸ್‌ಗೆ ಮೂವ್ ಮಾಡೋ ಆದೇಶವನ್ನು ಟ್ರೇಸ್ ಮಾಡಿ, ಅಂದ್ರೆ ಒಂದೊಂದೇ ಆದೇಶ ಓಡಿಸಿ ನಿಲ್ಲಿಸಿ; ಹೀಗೆ ನಿಲ್ಲಿಸೋದೂ ಒಂದು ಇಂಟರಪ್ಟೇ. ಮುಂದಿನ ಆದೇಶದಲ್ಲಿ ನಿಲ್ಲದೆ ಅದನ್ನೂ ಓಡಿಸಿಬಿಟ್ಟರೆ ತಿದ್ದಿದ ಚಿಪ್ಪೇ. ನನಗಂತೂ ಅಚ್ಚಿಗಿಂತ ಈ ಪರೀಕ್ಷೆ ಮೇಲೇ ಜಾಸ್ತಿ ನಂಬಿಕೆ.