ಗುಡ್ಡದ ಸದ್ದು ಕೇಳಬೇಕು, ಸುಮ್ನಿರಿ

ಪ್ರತಿ ಮಳೆಗಾಲ ಆಪ್ತಸಲಹೆಗಾಗಿ ನನ್ನ ಹತ್ತಿರ ಒಂದೇ ದೂರು ಬರುತ್ತದೆ: 'ನಮ್ಮ ಯಜಮಾನರಿಗೆ ಸಿಟ್ಟು ಜಾಸ್ತಿ.' ಮಡಿಕೇರಿ ಸುತ್ತಮುತ್ತಲಿನ ಮನೆಗಳಿಂದಲೇ ಹೆಚ್ಚು. ಅವುಗಳಲ್ಲಿ ಒಂದನ್ನು, ಗುರುತು ಸಿಗದ ಹಾಗೆ ವಿವರ ಬದಲಿಸಿ, ಬರೆಯುತ್ತಿದ್ದೇನೆ.

ಐವತ್ತು ದಾಟಿದ ಕಾಫಿ ಬೆಳೆಗಾರರು. ಹೆಂಡತಿ, ಓದು ಮುಗಿಸಿ ಮನೆಗೆ ಬಂದಿರುವ ಮಗ. ಯಾರ ಮೇಲೂ ಕೈ ಎತ್ತಿದವರಲ್ಲ. ಆದರೆ ಮಳೆ ಹಿಡಿದರೆ ಸಾಕು, ಟಿವಿ ಆರಿಸಿ, ಮಾತು ನಿಲ್ಲಿಸಿ ಅಂತ ಕೂಗಾಟ. ಒಂದು ರಾತ್ರಿ ಮಗನ ಮೊಬೈಲ್ ಕಿತ್ತು ಅಂಗಳಕ್ಕೆ ಎಸೆದಿದ್ದರು.

ಮೊದಲ ಎರಡು ಸಲ ಅವರು ಹೇಳಿದ್ದು ಇಷ್ಟೇ: 'ಸಿಟ್ಟು ಬರುತ್ತೆ.' ನಾನೂ ಉಸಿರು ಗಮನಿಸಿ, ಹತ್ತರವರೆಗೆ ಎಣಿಸಿ ಅಂದೆ. ಏನೂ ಆಗಲಿಲ್ಲ. ಮೂರನೇ ಸಲ ತೋಟದ ಮಾತು ತೆಗೆದೆ. ಕಣದಲ್ಲಿ ಹರಡಿದ ಕಾಫಿ ಹಣ್ಣು ಒಣಗಿದ್ದು ಹೇಗೆ ಗೊತ್ತಾಗುತ್ತೆ ಅಂತ ಕೇಳಿದೆ. ಖಾಲಿ ಬೊಗಸೆಯನ್ನೇ ಕಿವಿಯ ಹತ್ತಿರ ತಂದು ಅಲ್ಲಾಡಿಸಿ ತೋರಿಸಿದರು. 'ಒಳಗೆ ಬೀಜ ಗಲಗಲ ಅನ್ನಬೇಕು. ಕಿವಿಗೇ ಗೊತ್ತಾಗುತ್ತೆ.'

'ಮಳೆ ಬಂದಾಗ ಕಿವಿ ಏನು ಕೇಳುತ್ತೆ?'

ಬೊಗಸೆ ಹಾಗೇ ನಿಂತಿತು. ಬೆರಳುಗಳು ಬಿಗಿದವು. ತುಂಬ ಹೊತ್ತಾದ ಮೇಲೆ ಹೇಳಿದರು: 'ಇವರು ಮಾತಾಡ್ತಾ ಇದ್ರೆ ಗುಡ್ಡದ ಸದ್ದು ಕೇಳ್ಸಲ್ಲ, ಮೇಡಂ.'

2018ರ ಆಗಸ್ಟ್‌ನಲ್ಲಿ ಎದುರಿನ ಗುಡ್ಡ ಜರಿದಿತ್ತು. ಇವರ ಮನೆ ಉಳಿದಿತ್ತು. ಜರಿಯುವ ಮುಂಚೆ ಒಂದು ಸದ್ದು ಬಂದಿತ್ತಂತೆ. ಅಂದಿನಿಂದ ಪ್ರತಿ ಮಳೆಯಲ್ಲೂ ಆ ಸದ್ದಿಗೆ ಕಿವಿಗೊಟ್ಟು ಕೂತಿದ್ದಾರೆ. ಪಕ್ಕದಲ್ಲಿದ್ದ ಹೆಂಡತಿಗೆ ಇದು ಗೊತ್ತೇ ಇರಲಿಲ್ಲ. 'ಹೆದರಿಕೆನಾ?' ಅಂದರು. ಗಂಡ ಹೌದೆಂದು ತಲೆಯಾಡಿಸಿದರು.

ನರವಿಜ್ಞಾನಿ ಜೋಸೆಫ್ ಲೆಡು ಇಲಿಗಳಿಗೆ ಒಂದು ಸದ್ದು ಕೇಳಿಸಿ ಶಾಕ್ ಕೊಡುತ್ತಿದ್ದರು. ಆಮೇಲೆ ಬರೀ ಸದ್ದಿಗೇ ಇಲಿ ಮರಗಟ್ಟುತ್ತಿತ್ತು. ಮಿದುಳಿನಲ್ಲಿ ಅಮಿಗ್ಡಲಾ ಎಂಬ, ಅಪಾಯ ಕಂಡರೆ ಮೈಯನ್ನು ಎಚ್ಚರಿಸುವ, ಬಾದಾಮಿ ಆಕಾರದ ಭಾಗವಿದೆ. ಸದ್ದು ಮಿದುಳಿನ ಹೊರಪದರ ಮುಟ್ಟುವ ಮೊದಲೇ ಒಳದಾರಿಯಲ್ಲಿ ಅಲ್ಲಿಗೆ ಹೋಗಬಲ್ಲದು ಅಂತ ಅವರು ತೋರಿಸಿದರು. ಅಷ್ಟರಲ್ಲಾಗಲೇ ಮೈ ಎದ್ದು ನಿಂತಿರುವಾಗ, ಹತ್ತರವರೆಗೆ ಎಣಿಸಲು ಪುರುಸೊತ್ತು ಎಲ್ಲಿ, ಅಲ್ವಾ?

1990ರಲ್ಲಿ ಮನೋವಿಜ್ಞಾನಿಗಳಾದ ಪೀಟರ್ ಸಾಲೊವೆ ಮತ್ತು ಜಾನ್ ಮೇಯರ್ ಭಾವನಾತ್ಮಕ ಬುದ್ಧಿವಂತಿಕೆಯನ್ನು, ಅಂದರೆ ತನ್ನ ಮತ್ತು ಬೇರೆಯವರ ಭಾವನೆಗಳನ್ನು ಅರಿತು ನಿಭಾಯಿಸುವ ಶಕ್ತಿಯನ್ನು, ವಿವರಿಸಿದಾಗ ಭಾವನೆಯನ್ನು ಗುರುತಿಸುವುದನ್ನೇ ಮೊದಲು ಇಟ್ಟರು. ನಾವು ಅದನ್ನು ಹಾರಿ ನೇರ ಹತೋಟಿಗೆ ಹೋಗುತ್ತೇವೆ. 2007ರಲ್ಲಿ ಮನೋವಿಜ್ಞಾನಿ ಮ್ಯಾಥ್ಯೂ ಲೀಬರ್‌ಮನ್ ತಂಡ, ಭಾವನೆ ತುಂಬಿದ ಮುಖಗಳನ್ನು ನೋಡುತ್ತಿದ್ದವರ ಮಿದುಳನ್ನು ಸ್ಕ್ಯಾನ್ ಮಾಡಿತು. ಆ ಭಾವನೆಗೆ ಹೆಸರು ಆರಿಸಿದಾಗ ಅಮಿಗ್ಡಲಾದ ಚಟುವಟಿಕೆ ಇಳಿದಿತ್ತು, ಹಣೆಯ ಹಿಂದೆ ಬಲಗಡೆಯ ಒಂದು ಭಾಗ ಚುರುಕಾಗಿತ್ತು.

ಹಾಗಾಗಿ ಆ ಬೆಳೆಗಾರರಿಗೆ ಹೇಳಿದೆ: ಮಳೆ ಜೋರಾದ ಕೂಡಲೇ ಬಾಯಿಬಿಟ್ಟು ಹೇಳಿ, 'ನಂಗೆ ಹೆದರಿಕೆ ಆಗ್ತಿದೆ, ಐದು ನಿಮಿಷ ಸುಮ್ನಿರಿ.' ಹಗಲು ಮಗನ ಜೊತೆ ಗುಡ್ಡ ಹತ್ತಿ, ಬಿರುಕು ಬಿಟ್ಟಿದೆಯಾ ನೋಡಿ ಬನ್ನಿ. ಕಾಗದಪತ್ರ, ಟಾರ್ಚು, ಔಷಧಿ ಒಂದು ಬ್ಯಾಗಿನಲ್ಲಿಡಿ. ಯಾವಾಗ, ಯಾರ ಮನೆಗೆ ಹೊರಡುವುದು ಅಂತ ಮೂವರೂ ಕೂತು ತೀರ್ಮಾನಿಸಿ. ನಿದ್ದೆ ಬಾರದಿದ್ದರೆ ಮನೋವೈದ್ಯರನ್ನು ಕಾಣಿ.

'ಗುಡ್ಡ ನೋಡಿ ಬನ್ನಿ ಅಂದರೆ ಭಯ ಬೆಳೆಯುವುದಿಲ್ಲವಾ?' ಅಂತ ಪರಿಚಯದ ಆಪ್ತಸಲಹೆಗಾರರೊಬ್ಬರು ಕೇಳಿದರು. ಕೊಡಗಿನಲ್ಲಿ ಈ ಭಯ ಸುಳ್ಳಲ್ಲ. ಸುಳ್ಳು ಅಂತ ನಾನು ಹೇಳಿದ್ದರೆ ಆ ಬೆಳೆಗಾರರು ನನ್ನನ್ನು ನಂಬುತ್ತಿರಲಿಲ್ಲ, ನಂಬಲೂಬಾರದು. ಇನ್ನೊಂದು ಮಾತನ್ನೂ ಅವರಿಗೆ ಖಡಾಖಂಡಿತವಾಗಿ ಹೇಳಿದ್ದೇನೆ: ಹೆದರಿಕೆ ಕಾರಣವಿರಬಹುದು, ಎಸೆದ ಮೊಬೈಲಿಗೆ ಮಗನ ಹತ್ತಿರ ಕ್ಷಮೆ ಕೇಳಲೇಬೇಕು. ಮನೆಯಲ್ಲಿ ಹೊಡೆತ ಇದ್ದಿದ್ದರೆ ನನ್ನ ಮೊದಲ ಮಾತು ಹೆಂಡತಿಯ ಜೊತೆ, ಅವರ ಸುರಕ್ಷತೆಯ ಬಗ್ಗೆ ಆಗಿರುತ್ತಿತ್ತು.

ಆಮೇಲೂ ಎರಡು ಸಲ ಕೂಗಿದ್ದಾರೆ. ಮೂರನೇ ಸಲ ಮಗನೇ ಎದ್ದು ಟಿವಿ ಆರಿಸಿ, ಅಪ್ಪನ ಜೊತೆ ಜಗಲಿಯಲ್ಲಿ ಕೂತನಂತೆ. ಹೆಂಡತಿ ಈಗ ಒಬ್ಬರೇ ಬರುತ್ತಿದ್ದಾರೆ. ಇಷ್ಟು ವರ್ಷ ಬೈಸಿಕೊಂಡಿದ್ದನ್ನು ಅವರು ಈಗಷ್ಟೇ ಹೇಳಲು ಶುರು ಮಾಡಿದ್ದಾರೆ.