ಮುಂಬೈಯಲ್ಲಿ ನೀರಿನ ಬಿಲ್ ಏರಿದಾಗಲೆಲ್ಲ ಒಳಚರಂಡಿ ಶುಲ್ಕವೂ ಏರುವುದೇಕೆ?

ಯಾಕೆಂದರೆ ಅದಕ್ಕೆ ಬೇರೆ ದರವೇ ಇಲ್ಲ. ಮಹಾನಗರ ಪಾಲಿಕೆ ಅದನ್ನು ನೀರಿನ ಶುಲ್ಕದ ಶೇ. 70 ಎಂದು ಲೆಕ್ಕ ಹಾಕುತ್ತದೆ. ಬಿಲ್ಲಿನಲ್ಲಿ ಮರಾಠಿಯಲ್ಲಿ ‘ಮಲನಿಸ್ಸಾರಣ ಆಕಾರ’ ಅಂತ ಇರುತ್ತದಲ್ಲ, ಅದೇ ಇದು.

ಚರಂಡಿಗೆ ಮೀಟರ್ ಕೂರಿಸುವುದು ಕಷ್ಟ. ಕೊಳೆ ನೀರು, ಕಸ, ಎಣ್ಣೆ ಜಿಡ್ಡು ಎಲ್ಲ ಸೇರಿದರೆ ಯಾವ ಮೀಟರ್ ತಾನೇ ಓಡೀತು? ಆದರೆ ಮನೆಗೆ ಬಂದ ನೀರಿನ ಹೆಚ್ಚಿನ ಪಾಲು ಚರಂಡಿಗೇ ಹೋಗುತ್ತದೆ; ಎಂಜಿನಿಯರುಗಳ ಅಂದಾಜಿನಲ್ಲಿ ಸುಮಾರು ಶೇ. 80. ಹಾಗಾಗಿ ನೀರಿನ ಮೀಟರೇ ಎರಡಕ್ಕೂ ಅಳತೆಗೋಲು.

ನೀರಿನ ಬಿಲ್ 1,000 ರೂಪಾಯಿ ಬಂದರೆ ಚರಂಡಿಗೆ 700. ನೀರಿನ ದರ ಶೇ. 8 ಏರಿದರೆ 1,080 ಮತ್ತು 756. ಈ 8 ಸುಮ್ನೆ ಹೇಳಿದ್ದಲ್ಲ. ವಿದ್ಯುತ್, ಸಿಬ್ಬಂದಿ, ಶುದ್ಧೀಕರಣದ ಖರ್ಚು ನೋಡಿ ವರ್ಷಕ್ಕೆ ಹೆಚ್ಚೆಂದರೆ ಅಷ್ಟು ಏರಿಸಬಹುದು ಎಂದು 2012ರಲ್ಲೇ ನಿಯಮವಾಗಿದೆ. ಪ್ರತಿ ವರ್ಷ ಏರಿಸಿಲ್ಲ ಬಿಡಿ, ಚುನಾವಣೆ ಹತ್ತಿರ ಬಂದರೆ ಯಾರಿಗೆ ಧೈರ್ಯ!

ಹೊಸ ಕಟ್ಟಡದ ಪೈಪನ್ನು ರಸ್ತೆಯ ಲೈನಿಗೆ ಜೋಡಿಸುವ ಶುಲ್ಕ ಬೇರೆ, ಅದು ಒಂದೇ ಸಲ.

ಈ ಲೆಕ್ಕದಲ್ಲಿ ಒಂದು ತೊಡಕಿದೆ. ಮಾಟುಂಗದ ನಮ್ಮ ಸೊಸೈಟಿಯಲ್ಲಿ ನೆಲದಡಿಯ ಟ್ಯಾಂಕ್ ಬಿರುಕು ಬಿಟ್ಟು ನೀರು ಮಣ್ಣಿಗೆ ಇಂಗುತ್ತಿತ್ತು. ಚರಂಡಿಯ ಮುಖವನ್ನೇ ನೋಡದ ಆ ನೀರಿಗೂ ಶೇ. 70 ಜಾಸ್ತಿ ಕಟ್ಟಿದೆವು. ಬಿಲ್ ದಿಢೀರ್ ಏರಿದರೆ ಮೊದಲು ಟ್ಯಾಂಕ್ ನೋಡಿಸಿ.