27ನೇ ವಯಸ್ಸಿನಲ್ಲಿ ಬ್ಯಾಲೆ ಕಲಿಯಬಹುದಾ? ಅನ್ನಾ ಪಾವ್ಲೋವಾಗೂ ಪಾದ ಸರಿಯಿರಲಿಲ್ಲವಂತಲ್ಲ!

ನಿಮ್ಮ ಪ್ರಶ್ನೆ ಓದಿ ನಗು ಬಂತು, ಎಡಗಾಲು ಒಮ್ಮೆ ಚುಳುಕ್ ಅಂತು. ಭರತನಾಟ್ಯದ ಹಿನ್ನೆಲೆ, ರಷ್ಯಾದ ಬ್ಯಾಲೆ ನರ್ತಕಿ ಪಾವ್ಲೋವಾ ಕಥೆ ಓದಿದ ಹುಮ್ಮಸ್ಸು, ಆನ್‌ಲೈನಲ್ಲಿ ತರಿಸಿಟ್ಟ ಪಾಯಿಂಟ್ ಶೂ, ಅಂದರೆ ಬೆರಳ ತುದಿಯ ಮೇಲೆ ನಿಂತು ಕುಣಿಯೋ ಶೂ. ಎಂಟು ವರ್ಷದ ಹಿಂದಿನ ನಾನೇ ಬರೆದಂತಿದೆ.

ನನ್ನದು ಭರತನಾಟ್ಯದ ಜೂನಿಯರ್, ಸೀನಿಯರ್ ಎರಡೂ ಪರೀಕ್ಷೆ ಮುಗಿದಿತ್ತು. ಹನ್ನೊಂದು ವರ್ಷ ಅರಮಂಡಿಯಲ್ಲಿ (ಅರ್ಧ ಕೂತ ಭಂಗಿ) ಕೂತವಳಿಗೆ ಇದೇನು ಮಹಾ ಅನ್ನೋ ಕೊಬ್ಬು. ಬೆಂಗಳೂರಿನಲ್ಲಿ ದೊಡ್ಡವರಿಗೆ ಬ್ಯಾಲೆ ಹೇಳಿಕೊಡೋ ಕ್ಲಾಸಿಗೆ ಸೇರಿದೆ. ಟೀಚರ್ ಮೊದಲ ದಿನವೇ "ಎರಡು ವರ್ಷ ಆ ಶೂ ಮಾತು ಎತ್ತಬೇಡಿ" ಅಂದಿದ್ದರು. ಐದನೇ ತಿಂಗಳು ಅವರಿಗೆ ಹೇಳದೆ ತರಿಸಿದೆ.

ಧೈರ್ಯ ಕೊಟ್ಟಿದ್ದು ನೀವು ಓದಿರೋ ಕಥೆಯೇ. ಪಾವ್ಲೋವಾ ಪಾದದ ಕಮಾನು ವಿಪರೀತ ಎತ್ತರ, ಕಣಕಾಲು ಕಡ್ಡಿ. ಗಟ್ಟಿಮುಟ್ಟಾದ ನರ್ತಕಿಯರಿಗೇ ಬೆಲೆ ಇದ್ದ ಕಾಲವದು. ಜೊತೆಯವರು "ಪೊರಕೆ" ಅಂತ ಆಡಿಕೊಳ್ಳುತ್ತಿದ್ದರು. ಆಕೆ ಶೂ ಒಳಗೆ ಗಟ್ಟಿ ಚರ್ಮದ ಅಟ್ಟೆ ಹಾಕಿಕೊಂಡು ಕುಣಿದಳು. ಸರಿ, ನಾನೂ ನಮ್ಮ ಬೀದಿಯ ಚಪ್ಪಲಿ ರಿಪೇರಿಯವರ ಹತ್ತಿರ ಎರಡು ತುಂಡು ಅಟ್ಟೆ ಕೊಯ್ಸಿಕೊಂಡು ಬಂದೆ.

ಇಲ್ಲಿ ಸ್ವಲ್ಪ ಕೊರೀತೀನಿ, ತಡ್ಕೊಳ್ಳಿ. ಅರಮಂಡಿಯಲ್ಲಿ ಮಂಡಿ ಬಗ್ಗಿರುತ್ತೆ, ಭಾರ ಕೆಳಗಿಳಿಯುತ್ತೆ, ಅಡವು, ಅಂದರೆ ನಮ್ಮ ಹೆಜ್ಜೆ, ತಟ್ಟಿದರೆ ಏಟನ್ನ ಇಡೀ ಅಂಗಾಲು ಹಂಚಿಕೊಳ್ಳುತ್ತೆ. ಪಾಯಿಂಟ್‌ನಲ್ಲಿ ಮಂಡಿ ನೆಟ್ಟಗೆ, ಮೈಯೆಲ್ಲ ಮೇಲಕ್ಕೆಳೆದು ಎರಡು ಬೆರಳಗಲದ ಜಾಗದ ಮೇಲೆ ನಿಲ್ಲಬೇಕು. ನನ್ನ ಹನ್ನೊಂದು ವರ್ಷ ಅಲ್ಲಿ ಅಷ್ಟಾಗಿ ಕೆಲಸಕ್ಕೆ ಬರಲಿಲ್ಲ. ಸಾಲದ್ದಕ್ಕೆ, ಅಮ್ಮ ಸ್ಕೂಲ್ ಬೂಟು ಕೊಡಿಸ್ತಿದ್ದ ಹಾಗೆ, ಇರಲಿ ಅಂತ ಒಂದು ಸೈಜ್ ದೊಡ್ಡದು ತರಿಸಿದ್ದೆ. ಈ ಶೂ ಕಾಲುಚೀಲದಷ್ಟು ಬಿಗಿ ಇರಬೇಕು. ಸಡಿಲವಾದರೆ ಪಾದ ಜಾರಿ ಭಾರವೆಲ್ಲ ಬೆರಳಿಗೇ ಬೀಳುತ್ತೆ. ಹತ್ತಿ ತುರುಕಿದೆ. ಅದರ ಮೇಲೆ ಆ ಅಟ್ಟೆ! ಪಾವ್ಲೋವಾ ಪಾದ ಅತಿಯಾಗಿ ಬಾಗುತ್ತಿತ್ತು, ಅದಕ್ಕೆ ಆಸರೆ ಬೇಕಿತ್ತು. ನನ್ನದು ಹೆಚ್ಚುಕಮ್ಮಿ ಚಪ್ಪಟೆ ಪಾದ, ಮೊದಲೇ ಬಾಗೋದಿಲ್ಲ. ಆಕೆಯ ಕಾಯಿಲೆಯ ಔಷಧಿಯನ್ನ ನಾನು ಕುಡಿದೆ. ಕುಣಿದಿದ್ದೂ ಮನೆಯ ನಡುಮನೆಯಲ್ಲಿ, ವಿಟ್ರಿಫೈಡ್ ಟೈಲ್ಸ್ ಮೇಲೆ, ಯೂಟ್ಯೂಬ್ ನೋಡಿಕೊಂಡು.

ಎರಡನೇ ಬೆರಳಿನ ಮೇಲ್ಭಾಗದಲ್ಲಿ ನೋವು ಶುರುವಾಯಿತು. ಮೂರು ವಾರ ಮುಲಾಮು ತಿಕ್ಕಿದೆ. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ ಅಂತ ಇನ್ನೂ ಹದಿನೈದು ದಿನ ಕುಣಿದೆ. ಮೂಳೆಯ ಇಂಥ ಕೂದಲೆಳೆ ಬಿರುಕು ಮೊದಲ ಎಕ್ಸ್‌ರೇಯಲ್ಲಿ ಎಷ್ಟೋ ಸಲ ಕಾಣೋದೇ ಇಲ್ಲ ಅಂತ ಎಮ್‌ಆರ್‌ಐ ಆದಮೇಲೆ ಗೊತ್ತಾಯಿತು. ಆರು ವಾರ ಡಾಕ್ಟರ್ ಹಾಕಿಸಿದ ಆಸರೆ ಬೂಟು, ಆಮೇಲೆ ಐದು ತಿಂಗಳು ಅಡವೂ ಇಲ್ಲ, ಬ್ಯಾಲೆಯೂ ಇಲ್ಲ.

ಮಲಗಿದ್ದಾಗ ಪಾವ್ಲೋವಾ ಬಗ್ಗೆ ಇನ್ನಷ್ಟು ಓದಿದೆ. ಸೇಂಟ್ ಪೀಟರ್ಸ್‌ಬರ್ಗಿಗೆ ಇಟಲಿಯಿಂದ ಪಿಯರೀನಾ ಲೆನ್ಯಾನಿ ಬಂದು ಒಂಟಿ ಕಾಲ ಮೇಲೆ 32 ಸುತ್ತು ಹೊಡೆದು ಊರನ್ನೇ ಬೆರಗುಗೊಳಿಸಿದ್ದಳು. ಹುಡುಗಿ ಪಾವ್ಲೋವಾ ಅದನ್ನ ಕದ್ದು ಅನುಕರಿಸೋವಾಗ ಗುರು ಪಾವೆಲ್ ಗೆರ್ಡ್ಟ್ ಕಣ್ಣಿಗೆ ಬಿದ್ದಳು. ಈ ಕಸರತ್ತು ಬೇರೆಯವರಿಗೆ ಬಿಡು, ನಿನ್ನ ಪಾದಕ್ಕಲ್ಲ ಅಂತ ಗದರಿದರಂತೆ. ಬೂಟು ಹಾಕಿದ ಕಾಲನ್ನ ದಿಂಬಿನ ಮೇಲಿಟ್ಟುಕೊಂಡು ಇದನ್ನ ಓದಿದಾಗ ಹೇಗಾಗಿರಬೇಡ!

ಅದಕ್ಕೇ ಹೇಳ್ತೀನಿ, "ಪಾದ ಸರಿಯಿಲ್ಲದಿದ್ದರೂ ಗೆದ್ದಳು" ಅನ್ನೋ ನಿಮ್ಮ ಲೆಕ್ಕವೇ ತಪ್ಪು. ಬಟ್ಟೆ ಒಗೆಯುವ ತಾಯಿಯ ಮಗಳು, 1890ರಲ್ಲಿ ಮಾರಿನ್ಸ್ಕಿ ರಂಗಮಂದಿರದಲ್ಲಿ 'ಸ್ಲೀಪಿಂಗ್ ಬ್ಯೂಟಿ' ಬ್ಯಾಲೆ ನೋಡಿ ಹಟ ಹಿಡಿದಳು. ಮೊದಲ ಸಲ ಬ್ಯಾಲೆ ಶಾಲೆಯವರು ಸೇರಿಸಿಕೊಳ್ಳಲಿಲ್ಲ. 1891ರಲ್ಲಿ ಹತ್ತರ ವಯಸ್ಸಿಗೆ ಸೀಟು ಸಿಕ್ಕಿತು, 1899ರವರೆಗೆ ಅಲ್ಲೇ ತರಬೇತಿ. ಪ್ರೀಮಾ ಬ್ಯಾಲೆರೀನಾ, ಅಂದರೆ ಮುಖ್ಯ ನರ್ತಕಿ, ಆಗಿದ್ದು 1906ರಲ್ಲಿ. ಇಟಲಿಯ ಹೆಸರಾಂತ ಗುರು ಚೆಕೆಟ್ಟಿ ಹತ್ತಿರ ಪಾಠವೂ ಹೇಳಿಸಿಕೊಂಡಳು. ಇಷ್ಟೆಲ್ಲ ಬಿಟ್ಟು ನಾವಿಬ್ಬರೂ ಹಿಡಿದುಕೊಂಡಿದ್ದು ಒಂದು ತುಂಡು ಚರ್ಮ.

ವಯಸ್ಸಿನ ಚಿಂತೆ ಬಿಡಿ. ಕಲಾಕ್ಷೇತ್ರ ನೃತ್ಯಶಾಲೆ ಕಟ್ಟಿದ ರುಕ್ಮಿಣಿ ದೇವಿ ಪಾವ್ಲೋವಾ ತಂಡದ ಕ್ಲಿಯೋ ನೋರ್ಡಿ ಹತ್ತಿರ ಬ್ಯಾಲೆ ಕಲಿತಿದ್ದು ಇಪ್ಪತ್ತು ದಾಟಿದ ಮೇಲೆ. ನಿನ್ನ ದೇಶದ ನೃತ್ಯವನ್ನೂ ನೋಡು ಅಂತ ಪಾವ್ಲೋವಾ ಹೇಳಿದ ಮೇಲೆ ಭರತನಾಟ್ಯಕ್ಕೆ ಬಂದರು, 1935ರಲ್ಲಿ ಮದ್ರಾಸಿನ ಅಡಯಾರಿನಲ್ಲಿ ಮೊದಲ ಪ್ರದರ್ಶನ ಕೊಟ್ಟಾಗ 31 ವರ್ಷ. ಇದನ್ನೇ ಹಿಡಿದು "ನಮ್ಮದಿರುವಾಗ ಅದ್ಯಾಕೆ" ಅನ್ನೋ ಅತ್ತೆ, ಚಿಕ್ಕಮ್ಮಂದಿರ ಮಾತು ಕೇಳಬೇಡಿ. ಕಲೀರಿ. ಮೆತ್ತನೆ ಬ್ಯಾಲೆ ಚಪ್ಪಲಿಯಲ್ಲಿ ಕಲೀರಿ. ಬಾರ್ (ಅಭ್ಯಾಸಕ್ಕೆ ಹಿಡಿಯೋ ಅಡ್ಡಕಂಬಿ) ಹಿಡಿದು ವರ್ಷಗಟ್ಟಲೆ ನಿಲ್ಲೋಕೆ ಬೇಜಾರಾದರೆ ನಿಮಗೆ ಬೇಕಿರೋದು ಬ್ಯಾಲೆ ಅಲ್ಲ, ಫೋಟೋ. ಮೊದಲು ಕೈ ಪಳಗಿಸಿ. ನಮ್ಮ ಅಡವಿನ ಸೆಟೆದ ಮೊಣಕೈ ಸಡಿಲಾಗೋಕೆ ನನಗೆ ಒಂದೂವರೆ ವರ್ಷ ಹಿಡೀತು. ಪಾವ್ಲೋವಾ 'ಸಾಯುವ ಹಂಸ' ಕುಣಿದ ಹಳೇ ಫಿಲ್ಮ್ ಸಿಗುತ್ತೆ, ನೋಡಿ. ದೊಡ್ಡ ಜಿಗಿತ ಒಂದೂ ಇಲ್ಲ. ಕಾಲು ಪುಟ್ಟ ಪುಟ್ಟ ಹೆಜ್ಜೆ ಇಡುತ್ತಿರುತ್ತೆ, ಹಕ್ಕಿ ಸಾಯೋದು ತೋಳಲ್ಲಿ, ಬೆನ್ನಲ್ಲಿ.

ನಾನೀಗ ವಾರಕ್ಕೆರಡು ದಿನ ಅದೇ ಕ್ಲಾಸಿಗೆ ಹೋಗ್ತೀನಿ. ಪಾಯಿಂಟ್ ಹಾಕಿಲ್ಲ, ಟೀಚರೂ ಹೇಳಿಲ್ಲ, ನಾನೂ ಕೇಳಿಲ್ಲ.

ಆ ಶೂ ರಿಟರ್ನ್ ಗಡುವು ಮುಗಿದಿಲ್ಲ ತಾನೆ? ಇವತ್ತೇ ಕಳಿಸಿಬಿಡಿ, ಒಂದು ಸಲ ಹಾಕಿ ನೋಡ್ತೀನಿ ಅಂತ ಇಟ್ಕೋಬೇಡಿ. ಸ್ಯಾಟಿನ್‌ಗೆ ಕೊಳೆ ಹತ್ತಿದರೆ ವಾಪಸ್ ತಗೊಳ್ಳಲ್ಲ. ನನ್ನದು ಇನ್ನೂ ಅಟ್ಟದ ಮೇಲಿದೆ.